ಮಾತಾಡಿಸಲು ಬಂದವರು

ನಿನ್ನೆ ಆಫೀಸಿನಿಂದ ಬರುವಾಗ ಪೀರನವಾಡಿಯ ಗಾಡಿಯೊಂದರಿಂದ ತೀರ ಹಣ್ಣಾದ ಬಾಳೆಹಣ್ಣಿನ ವಾಸನೆ ಬಂತು. ಆ ವಾಸನೆಗೆ ಇವತ್ತಿಗೂ ನನ್ನ ಎದೆ ಒಂದಿಷ್ಟು ಭಾರವಾಗುತ್ತದೆ. ನಗಬೇಡಿ, ಕಾರಣವಿದೆ.

ನಮ್ಮ ಕಡೆ ಯಾರಿಗಾದರೂ ಆರಾಮಿಲ್ಲವೆಂದರೆ 'ಮಾತಾಡಿಸಲು' ಹೋಗುವುದು ಪದ್ಧತಿ. ಬರಿಗೈಲಿ ಹೋಗುವಂತಿಲ್ಲ, ಬಾಳೆಹಣ್ಣಾದರೂ ಬೇಕು. ಪಿಯುಸಿ ಓದುವಾಗ ನನಗೆ ನಿದ್ದೆ ಹಾರಿಹೋಯಿತು, ಊಟ ಸೇರದಾಯಿತು, ಕಾಲೇಜಿನ ಬ್ಯಾಗು ಮೂಲೆ ಹಿಡಿಯಿತು. ಜ್ವರವಿಲ್ಲ, ಕೆಮ್ಮಿಲ್ಲ. ಏನು ಹೇಳಬೇಕೋ ತಿಳಿಯದೆ ಮನೆಯವರು 'ಆರಾಮಿಲ್ಲ' ಎಂದುಬಿಟ್ಟರು. ಅಲ್ಲಿಗೆ ನಮ್ಮ ಖಾಸಬಾಗದ ಮನೆಗೆ ಬಾಳೆಹಣ್ಣಿನ ಮೆರವಣಿಗೆ ಶುರುವಾಯಿತು.

ಬಂದವರೆಲ್ಲ ನನ್ನನ್ನು ಬಿಟ್ಟು ಅವ್ವನ ಹತ್ತಿರ ಮಾತಾಡುತ್ತಿದ್ದರು. "ಭಾಳ ಓದಿ ಹೀಟ ಆಗೇತಿ, ತಲಿಗೆ ಹರಳೆಣ್ಣಿ ಬಡೀರಿ," ಎಂದರು ಬಾಜು ಮನೆಯ ಮಾವಶಿ. ಬಡಿದರು. ನಾನೂ ದಿಂಬೂ ಸೇರಿ ಎಣ್ಣೆಯಲ್ಲಿ ಮಿಂದೆವು. ಇನ್ನೊಬ್ಬರು ಮದುವೆ ಮಾಡಿಬಿಡಿ ಎಂದರು. ಅದಕ್ಕಿಂತ ಎಣ್ಣೆಯೇ ವಾಸಿ ಅನ್ನಿಸಿತು.

ಆಗ ಖಾನಾಪುರದಿಂದ ಕಾಕು ಬಂದಳು, ನನ್ನ ಚಿಕ್ಕಪ್ಪನ ಹೆಂಡತಿ. ಅದೂ ಬರಿಗೈಲಿ! ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಎರಡರಲ್ಲೂ ಆಕೆಯದು ಗಟ್ಟಿ ಗಂಟಲು. ಅವತ್ತು ಮಾತ್ರ ಬಾಗಿಲು ಮುಂದಕ್ಕೆಳೆದು, ನನ್ನ ಹಾಸಿಗೆಯ ಮೇಲೆ ಕೂತು, ಮೆಲ್ಲಗೆ ಕೇಳಿದಳು. "ಏನ ಆಗೇತವ್ವಾ? ನೀ ಹೇಳ, ನಾ ಕೇಳ್ತೀನಿ."

ಅಲ್ಲಿಯ ತನಕ ಯಾರೂ ನನ್ನನ್ನೇ ಕೇಳಿರಲಿಲ್ಲ.

"ಗೊತ್ತಿಲ್ಲ ಕಾಕು. ಬೆಳಗಾದ್ರ ಅಂಜಿಕಿ ಬರ್ತೈತಿ. ನಾ ಇರೂದ ಬ್ಯಾಡ ಅನಸ್ತೈತಿ."

ಆಕೆ ಗದರಲಿಲ್ಲ. ನನ್ನ ಎಣ್ಣೆ ತಲೆಯನ್ನು ಎದೆಗೆ ಒತ್ತಿಕೊಂಡಳು. ಒಳ್ಳೆಯ ಇಳಕಲ್ಲ ಸೀರೆ ಹಾಳಾಯಿತು. "ಹೇಳಿದ್ದು ಚೊಲೊ ಆತು. ಇವತ್ತ ದವಾಖಾನಿಗೆ ಹೋಗೂಣು."

ಹೊರಗೆ ಬಂದು ಹೇಳಿದಾಗ ಅವ್ವ ಹೆದರಿದಳು. "ಮನಸಿನ ಡಾಕ್ಟರ ಕಡೆ ಹೋದ್ರ ಮಂದಿ ಏನಂತಾರ? ನಾಳೆ ಇಕಿನ್ನ ಯಾರ ಮಾಡ್ಕೋತಾರ?"

"ಅಕ್ಕಾ, ಹಡದ ಮ್ಯಾಲ ನಾನೂ ಹೋಗೇನಿ, ಗುಳಿಗಿ ನುಂಗೇನಿ. ನನ್ನ ಮಾರಿ ಮ್ಯಾಲ ಏನರ ಬರದೈತೇನ?"

ಅವ್ವ ಸೆರಗು ಬಾಯಿಗೆ ಹಿಡಿದು ಅತ್ತಳು. ಆಮೇಲೆ ಚಪ್ಪಲಿ ಮೆಟ್ಟಿ ನಮಗಿಂತ ಮೊದಲು ಅಂಗಳದಲ್ಲಿ ನಿಂತಳು.

ಮನಸಿನ ಡಾಕ್ಟರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತಿದ್ದವರಲ್ಲಿ ಒಬ್ಬರು ನಮ್ಮನ್ನು ಕಂಡದ್ದೇ ಮುಖದ ಮೇಲೆ ಸೆರಗೆಳೆದುಕೊಂಡರು. ನೋಡಿದರೆ ಹರಳೆಣ್ಣೆಯ ಮಾವಶಿ! "ನಾ ಸುಮ್ನ... ಮೊಣಕಾಲ ತೋರಸಾಕ ಬಂದೇನಿ," ಎಂದರು.

ಕಾಕು ಅವರ ಪಕ್ಕದಲ್ಲೇ ಕೂತಳು. "ಇರಲಿ ತಗೋರಿ ಮಾವಶಿ. ನಮ್ಮದೂ ಮೊಣಕಾಲ."

ಎಷ್ಟೋ ದಿನಗಳ ಮೇಲೆ ನನಗೆ ನಗು ಬಂತು. ಮಾವಶಿಯೂ ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. ನನ್ನ ಕೈ ಹಿಡಿದವರು ಹೆಸರು ಕೂಗುವ ತನಕ ಬಿಡಲಿಲ್ಲ.

ಒಂದೇ ಭೇಟಿಗೆ ವಾಸಿಯಾಗಲಿಲ್ಲ. ಗುಳಿಗೆ, ಡಾಕ್ಟರರ ಜೊತೆ ಮಾತು, ಮತ್ತೆ ಮಾತು. ಒಂದು ವರ್ಷ ಓದು ತಪ್ಪಿತು, ಜೀವ ಉಳಿಯಿತು. ನನ್ನ ಮದುವೆಯೂ ಆಯಿತು, ಎಲ್ಲವನ್ನೂ ಮೊದಲೇ ಹೇಳಿ.

ನಿನ್ನೆ ಇದನ್ನೆಲ್ಲ ನೆನೆಯುತ್ತ ಮನೆ ಮುಟ್ಟಿದೆ. ಕಾಲೇಜಿಗೆ ಹೋಗುವ ಮಗಳು ಚಹಾ ಸೋಸುತ್ತಿದ್ದಳು. ತಿರುಗದೆಯೇ ಹೇಳಿದಳು: "ಮಮ್ಮಿ, ಭಾಳ ದಿನ ಆತು, ಮನಸಿಗೆ ಆರಾಮ ಇಲ್ಲ. ಯಾರಿಗರ ತೋರಸೂಣೇನ?"

ನಾನು ಬ್ಯಾಗು ಕೆಳಗಿಟ್ಟೆ. ಎಷ್ಟೇ ತಿಳಿದಿದ್ದರೂ ತಾಯಿಗೆ ಹೆದರಿಕೆ ತಪ್ಪಿದ್ದಲ್ಲ. ಆದರೆ ನನಗೆ ತಿಂಗಳುಗಟ್ಟಲೆ ಗಂಟಲು ದಾಟದಿದ್ದ ಮಾತನ್ನು ಇವಳು ಚಹಾ ಆರುವ ಮೊದಲೇ ಹೇಳಿಬಿಟ್ಟಿದ್ದಳು. ಹೆದರಿಕೆಯ ಜೊತೆಗೇ ಖುಷಿಯಾಯಿತು.

"ಹೂಂ, ತೋರಸೂಣು," ಎಂದೆ. "ಬಾ, ಮೊದಲ ನಂಗ ಹೇಳ."