ಕರುಣಾಳ ಎರಡು ಗೆರೆ

ಐನಾಪುರದ ಯಂಕಮ್ಮನ ಮಗಳು ಕರುಣಾ ಮೂರು ವರ್ಷ ದಿನಾ ಎರಡು ಬಸ್ಸು ಹತ್ತಿ ಇಳಿದು ಸೇಡಂನಲ್ಲಿ ಬಿ.ಎ. ಓದಿದಳು. ಮುಂದೆ ಎಂ.ಎ. ಮಾಡಿ ಕನ್ನಡ ಕಲಿಸಬೇಕು ಎಂಬ ಒಂದೇ ಹಟ. ಕಲಬುರಗಿಯ ಟ್ರಸ್ಟೊಂದು ವಿದ್ಯಾರ್ಥಿಗಳ ವಿಚಾರ ಸಂಕಿರಣ ನಡೆಸುತ್ತಿತ್ತು. ಅಲ್ಲಿ ಗೆದ್ದವರ ಎಂ.ಎ. ಓದು, ಹಾಸ್ಟೆಲು ಎಲ್ಲ ಟ್ರಸ್ಟಿನದೇ. ಕಾಲೇಜಿಗೆ ಒಬ್ಬರಿಗೇ ಅವಕಾಶ. ಸಿಗದಿದ್ದರೆ ಮದುವೆ ಎಂದು ಅಪ್ಪ ಹೇಳಿಯಾಗಿತ್ತು.

ಆರಿಸುವವರು ಕನ್ನಡ ವಿಭಾಗದ ನಾಗೇಂದ್ರಪ್ಪ ಸರ್. ವಿಮರ್ಶೆಯ ನಲವತ್ತು ಪದಗಳ ಪಟ್ಟಿಯನ್ನು ಅವರು ಗೋಡೆಗೆ ಅಂಟಿಸಿದ್ದರು: ಪ್ರತಿಮೆ, ಆಶಯ, ನಿರೂಪಕ, ಧ್ವನಿ, ಹೀಗೆ. ವಿದ್ಯಾರ್ಥಿಗಳೆಲ್ಲ ಒಂದೇ ಕಥೆಯ ಬಗ್ಗೆ ಮಾತಾಡಬೇಕು. ಪಟ್ಟಿಯ ಪದವೊಂದು ಬಂದಾಗಲೆಲ್ಲ ಬೋರ್ಡಿನ ಮೇಲೆ ಒಂದು ಗೆರೆ. ಹೆಚ್ಚು ಗೆರೆಯವರು ಕಲಬುರಗಿಗೆ.

ಕರುಣಾಳಿಗೆ ನಲವತ್ತೂ ಬಾಯಿಪಾಠವಿದ್ದವು. ಒಂದೊಂದು ಪದಕ್ಕೂ ಕಥೆಯಲ್ಲಿ ಪುರಾವೆಯ ಸಾಲು ಹುಡುಕಿದಳು. ಎರಡಕ್ಕೆ ಸಿಕ್ಕಿತು, ಉಳಿದ ಮೂವತ್ತೆಂಟನ್ನು ಬಿಟ್ಟಳು. ಅವಳು ಮಾಡಿದ ತಪ್ಪು ಅಷ್ಟೇ.

ಕಥೆಯಲ್ಲಿ ಮಗಳ ಮದುವೆಯ ದಿನ ತಾಯಿ ಒಂದೇ ಕೊಡವನ್ನು ಮೂರು ಸಲ ತೊಳೆಯುತ್ತಾಳೆ. ಮಗಳು, "ಅವ್ವ ಅಳಲಿಲ್ಲ" ಎಂದು ಬರೆಯುತ್ತಾಳೆ.

"ಕಥೀ ಹೇಳಾಕಿ ನಿರೂಪಕಿ. ಆಕೀಗಿ ಕಾಣದ ಅಳು ನಮಗ ಕಾಣಸ್ತದ. ಅದೇ ಧ್ವನಿ," ಎಂದು ಕರುಣಾ ನಿಲ್ಲಿಸಿದಳು.

ಬೋರ್ಡಿನ ಹತ್ತಿರ ಗೆರೆ ಎಳೆಯುತ್ತಿದ್ದ ಸಹಪಾಠಿ ಅಮೀರ್ಬೀ ಸುಣ್ಣದಕಡ್ಡಿ ಎತ್ತಿ ಹಿಡಿದುಕೊಂಡೇ ನಿಂತಿದ್ದಳು.

"ಮುಗೀತೇನವ್ವಾ? ಎರಡೇ ಗೆರಿ! ಇದು ವಿಮರ್ಶೆನೋ, ನಳದ ಕಟ್ಟಿ ಮ್ಯಾಗಿನ ಮಾತೋ?" ಎಂದರು ಸರ್. "ಕೊಡ ತೊಳ್ಯಾದು ನಿಮ್ಮವ್ವಗ ಚಲೋ ಗೊತ್ತಿರಬೇಕು."

"ಹೌದ್ರಿ ಸರ್. ಕಥೀ ಓದಿ ಹೇಳಿದಾಗ ಅಕೀನೇ ಇದು ಹೇಳಿದ್ಳು."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಅವಳ ನಂತರ ಮಾತಾಡಿದ ಸಹಪಾಠಿ ಪ್ರಮಿತಾಗೆ ಮೂವತ್ತೊಂದು ಗೆರೆ ಬಂದವು.

ನಾಲ್ಕು ದಿನ ಬಿಟ್ಟು ಸರ್ ಕರೆದರು. "ನಿನ್ನ ಅಕ್ಷರ ಮುತ್ತಿನಂಗ ಅದಾವ. ಪ್ರಮಿತಾಂದು ಸಂಕಿರಣದ ಪ್ರಬಂಧ ಫೇರ್ ಮಾಡಿ ಕೊಡು, ಡಿ.ಟಿ.ಪಿ. ಮಾಡಾವಗ ಓದಾಕ ಬರ್ತದ."

ನಾಲ್ಕನೆಯ ಪುಟದಲ್ಲಿ ಕರುಣಾಳ ಪೆನ್ನು ನಿಂತಿತು. ಕೊಡ, ಮೂರು ಸಲ, ಕಾಣದ ಅಳು ಎಲ್ಲ ಅಲ್ಲಿತ್ತು. ಸುತ್ತ ಪಟ್ಟಿಯ ಪದಗಳು.

"ಸರ್, ಇವು ನನ್ನ ಮಾತುಗಳ್ರಿ."

"ನೀ ಮಾತಾಡಿದ್ದಿ. ಆಕಿ ವಿಮರ್ಶೆ ಮಾಡ್ಯಾಳ. ಬರಿ, ಬರಿ, ಹೊತ್ತಾಗ್ತದ."

ಹನ್ನೊಂದು ಪುಟ. ಒಂದು ಚಿತ್ತೂ ಇಲ್ಲದೆ ಬರೆದು ಕೊಟ್ಟಳು. ಕಲಬುರಗಿಯಲ್ಲಿ ಪ್ರಮಿತಾ ಗೆದ್ದಳು. ಅದರಲ್ಲೂ ಕೊಡದ ಭಾಗ ಭಾಳ ಹೊಸದು ಎಂದು ತೀರ್ಪುಗಾರರು ಹೊಗಳಿದರಂತೆ.

"ನೀ ಹೇಳಿದ್ದು ಕಲಬುರಗಿಗಿ ಹೋತು, ಯವ್ವಾ," ಎಂದಳು ಕರುಣಾ.

ಯಂಕಮ್ಮನ ಮುಖ ಅರಳಿತು. "ಹೌದಾ! ಮತ್ತ ನೀ?"

ಮುಂದಿನ ವಾರ ವಾಡಿಯಿಂದ ಗಂಡಿನ ಕಡೆಯವರು ಬಂದರು. ಚಹಾ ಕುಡಿಯುತ್ತ ಹುಡುಗನ ಸೋದರಮಾವ ಕೇಳಿದ: "ಹುಡುಗಿ ಏನ್ ಓದ್ಯಾಳ್ರಿ?"

"ಬಿ.ಎ.," ಎಂದ ಅಪ್ಪ.

"ಭಾಳ ಆತು ಬಿಡ್ರಿ," ಎಂದು ಆತ ಕಪ್ಪು ಕೆಳಗಿಟ್ಟ.