ಬಾಜೂಕ ನಿಂತವರು

ಕಾಕಾ ಅವರ ಬಲಗೈ ಹೆಬ್ಬೆರಳು ಯಾವಾಗ ನೋಡಿದರೂ ನೀಲಿ. ಗೋದಾಮಿನಲ್ಲಿ ಎಣಿಸಿದ ಪ್ರತಿ ಪೆಟ್ಟಿಗೆಯ ಮೇಲೂ ನೀಲಿ ಸೀಮೆಸುಣ್ಣದಿಂದ ಒಂದು ಗೆರೆ ಎಳೆಯುವುದು ಅವರ ಪದ್ಧತಿ. ಧಾರವಾಡ ಕಡೆಯವರು; ಚಿಂಚವಾಡದ ಸಣ್ಣದೊಂದು ಕಾರ್ಖಾನೆಗೆ ಹೆಡ್ ಅಕೌಂಟೆಂಟ್. ಆಫೀಸಿಗೆಲ್ಲ ಅವರು ಕಾಕಾನೇ. ನಾನು ಬಿ.ಕಾಂ. ಮುಗಿಸಿ ಆಗಷ್ಟೇ ಸೇರಿದ ಟ್ರೈನಿ. ಆರು ತಿಂಗಳಲ್ಲಿ ಕಾಯಂ ಆಗದಿದ್ದರೆ ಮನೆಗೆ. ಖಡಕಿಯ ನಮ್ಮ ಮನೆಯಲ್ಲಿ ಸಂಬಳವೆಂದು ಬರುತ್ತಿದ್ದದ್ದು ನನ್ನದೊಂದೇ.

ಫೈನಾನ್ಸ್ ಕೆಲಸವೆಂದರೆ ಎ.ಸಿ., ಎಕ್ಸೆಲ್ ಎಂದುಕೊಂಡು ಇಸ್ತ್ರಿ ಮಾಡಿದ ಚೂಡಿದಾರ ತೊಟ್ಟು ಹೋದವಳನ್ನು ಕಾಕಾ ಮೊದಲ ದಿನವೇ ಧೂಳಿನ ಗೋದಾಮಿಗೆ ಅಟ್ಟಿದರು.

"ಕಂಪ್ಯೂಟರ್ ಎಲ್ಲೂ ಓಡಿ ಹೋಗಂಗಿಲ್ಲವ್ವಾ. ಮೊದಲ ಮಾಲು ಮುಟ್ಟಿ ನೋಡು."

ನನಗೆ ಮೈಯೆಲ್ಲ ಉರಿದಿತ್ತು.

ಮಾರ್ಚ್ ಕೊನೆಯ ದಾಸ್ತಾನು ಎಣಿಕೆಯಲ್ಲಿ ನಾನು ಜಾಣತನ ಮಾಡಿದೆ. ದೊಡ್ಡ ರಾಶಿಯೊಂದನ್ನು ಎಣಿಸದೆ, ಉದ್ದ, ಅಗಲ, ಎತ್ತರ ಗುಣಿಸಿ ಸಂಖ್ಯೆ ಬರೆದೆ. ಎದುರಿಗೆ ಕಂಡ ಪೆಟ್ಟಿಗೆಗಳಿಗೆಲ್ಲ ಗೆರೆ ಎಳೆದು ಸಹಿ ಹಾಕಿದೆ. ಪಟ್ಟಿ ಆಡಿಟರ್ ಕೈ ಸೇರಿತು. ಮರುದಿನ ಕಾಕಾ ಏಣಿ ಹತ್ತಿ ನೋಡಿದರೆ ರಾಶಿಯ ನಡುವೆ ಬಾವಿಯಂತೆ ಖಾಲಿ! ಹಮಾಲರು ಅಂಚಿನ ಸಾಲು ಬಿಟ್ಟು ಒಳಗಿನ ಪೆಟ್ಟಿಗೆಗಳನ್ನು ಎಂದೋ ಲಾರಿಗೆ ಸಾಗಿಸಿದ್ದರು.

ನಾನು ದನಿ ತಗ್ಗಿಸಿ ಕೇಳಿದೆ: "ಕಾಕಾ, ಎಣಿಸಿದ ಮ್ಯಾಲೆ ಹಮಾಲ್ರು ತಗದಾರ ಅಂತ ಬರದರ?"

ಅವರು ಬೈಯಲಿಲ್ಲ. "ಬಡವರ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ. ನಡಿ, ಮಾಲಕರಿಗೆ ನೀನ ಹೇಳು. ನಾ ಬಾಜೂಕ ನಿಂದರ್ತೀನಿ."

ನನ್ನ ಪಕ್ಕದಲ್ಲೇ ನಿಂತರು ಕೂಡ. ನಾನು ತೊದಲುತ್ತ ಒಪ್ಪಿಕೊಂಡೆ. ಇವಳನ್ನು ಮನೆಗೆ ಕಳಿಸಿ ಎಂದು ಮಾಲೀಕರು ಮರಾಠಿಯಲ್ಲಿ ಗುಡುಗಿದರು. ಕಾಕಾ ಮೆತ್ತಗೆ ಮರಾಠಿಯಲ್ಲೇ ಹೇಳಿದರು: ಕಲಿಸಿದವನು ನಾನು, ಏಣಿ ಹತ್ತಿಸದವನೂ ನಾನು, ತಪ್ಪಿನ ಕಾಗದದಲ್ಲಿ ಮೊದಲು ನನ್ನ ಹೆಸರಿರಲಿ. ಅಷ್ಟು ವರ್ಷಗಳ ನೌಕರಿಯಲ್ಲಿ ಅವರ ಹೆಸರಿಗೆ ಬಿದ್ದ ಮೊದಲ ಕಪ್ಪುಚುಕ್ಕೆ ಅದು. ನನ್ನ ಕೆಲಸ ಉಳಿಯಿತು.

ಹೊರಗೆ ಬಂದು ಕಣ್ಣೀರಿಟ್ಟೆ. "ಅಳೋದು ಮುಗಸಿ ಏಣಿ ತಗೊಂಡು ಬಾ," ಎಂದರು.

ಹೋದ ವರ್ಷ ಕಾಕಾ ತೀರಿಕೊಂಡರು. ಈಗ ಅವರ ಕುರ್ಚಿಯಲ್ಲಿ ನಾನಿದ್ದೇನೆ. ಮೊನ್ನೆ ನನ್ನ ಕೈಕೆಳಗಿನ ಹೊಸ ಹುಡುಗಿಯೊಬ್ಬಳು ಒಂದೇ ಬಿಲ್ಲನ್ನು ಎರಡು ಸಲ ಪಾಸು ಮಾಡಿದಳು. ಮಾಲೀಕರಿಗೆ ಕಳಿಸಿದ ಮೇಲ್‌ನಲ್ಲಿ ನಾನು ಅವಳ ಹೆಸರನ್ನಷ್ಟೇ ಬರೆದೆ. ಆ ಬಿಲ್ಲಿನ ಮೇಲೆ ನನ್ನ ಸಹಿಯೂ ಇತ್ತು.

ಎರಡು ದಿನ ಅನ್ನ ರುಚಿಸಲಿಲ್ಲ. ಮೂರನೆಯ ದಿನ ಅವಳನ್ನು ಕರೆದುಕೊಂಡು ಮಾಲೀಕರ ಕೋಣೆಗೆ ಹೋಗಿ, ಅವಳ ಬಾಜೂಕ ನಿಂತು ನನ್ನ ಸಹಿ ತೋರಿಸಿದೆ. ಕಾಕಾ ಅವರಿಗೆ ಎರಡು ದಿನ ಬೇಕಾಗಿರಲಿಲ್ಲ.