ರೇಣುಕಾಳ ಮೇಲೆ ಹೊರಿಸಿದ ವಾಸನೆ

ಆ ಮಾವಿನ ಚಹಾ ಕೆಡಿಸಿದವಳು ನಾನು. ರೇಣುಕಾ ಅಲ್ಲ. ಮನೆಮಂದಿಯ ಎದುರು, ಹೊರಗಿನವರ ಎದುರು ಅವಳ ಹೆಸರು ಹೇಳಿದವಳೂ ನಾನೇ — ಹೇಳುವಾಗ ನನಗೆ ನಿಜ ಗೊತ್ತಿತ್ತು. ಆಗ ತಿಳಿದಿರಲಿಲ್ಲ, ಆಮೇಲೆ ತಿಳಿಯಿತು ಎಂದು ಬರೆದಿದ್ದರೆ ಓದುವವರಿಗೆ ನನ್ನ ಮೇಲೆ ಒಂದಿಷ್ಟು ಕನಿಕರವಾದರೂ ಬರುತ್ತಿತ್ತು. ಆದರೆ ಹಾಗಲ್ಲ. ಗೊತ್ತಿತ್ತು.

ಇನ್ನೊಂದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೋದರೆ ಧೈರ್ಯ ಸಾಲದು. ಹಣ್ಣಿನ ಚಹಾದ ರುಚಿ ನೋಡಿ ಒಳ್ಳೆಯದು ಕೆಟ್ಟದ್ದು ಹೇಳುವುದು ನಮ್ಮ ಮನೆಯಲ್ಲಿ ನನ್ನ ಕೆಲಸವಾಗಿತ್ತು. ಆ ಕೆಲಸವನ್ನು ಬಹಳ ದಿನ ನಾನು ಮೂಗಿಲ್ಲದೆ ಮಾಡಿದೆ. ಮುಖದ ಮೇಲೆ ಮೂಗಿದೆ, ಅದಕ್ಕೊಂದು ನತ್ತೂ ಇದೆ. ವಾಸನೆ ಮಾತ್ರ ತಿಳಿಯುವುದಿಲ್ಲ.

ರೇಣುಕಾ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಗಂಗಾವತಿಯ ಮನೆಯಲ್ಲಿ ನಾವೆಲ್ಲ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದೆವು — ನಾನು, ನನ್ನ ಗಂಡ, ಮೈದುನ, ರೇಣುಕಾ, ಅವಳ ಮಗಳು, ನಮ್ಮ ಅತ್ತೆ. ಗಂಡಸರಿಬ್ಬರೂ ಅಕ್ಕಿ ಗಿರಣಿಗೆ ಹೋಗುವವರು. ನನಗೆ ಮಕ್ಕಳಿಲ್ಲ. ಇದನ್ನು ದುಃಖಕ್ಕೆ ಬರೆಯುತ್ತಿಲ್ಲ; ಮುಂದಿನ ಮಾತು ಅರ್ಥವಾಗಲಿ ಎಂದು ಬರೆಯುತ್ತಿದ್ದೇನೆ.

ಗಂಗಾವತಿಗೆ ಬರುವ ಮೊದಲು ನಾವು ನದಿ ನಡುವಿನ ವಿರೂಪಾಪುರಗಡ್ಡೆಯಲ್ಲಿದ್ದೆವು. ಅಲ್ಲಿ ಹೊರದೇಶದವರು ಇಳಿದುಕೊಳ್ಳುವ ಒಂದು ವಸತಿಗೃಹದಲ್ಲಿ ನಾನು ಅಡುಗೆ ಮಾಡುತ್ತಿದ್ದೆ. ಹಣ್ಣಿನ ಚೂರು ಬೆರೆಸಿದ ಎಲೆ ಚಹಾವನ್ನು ಮೊದಲು ಕಂಡದ್ದು ಅಲ್ಲಿಯೇ. ಒಬ್ಬ ಮುದುಕಿ, ಯಾವ ದೇಶದವಳೋ, ತನ್ನ ಚೀಲದಿಂದ ಪುಟ್ಟ ಪುಟ್ಟ ಪೊಟ್ಟಣ ತೆಗೆದು ನನಗೆ ಕೈಸನ್ನೆಯಲ್ಲೇ ಕಲಿಸಿದಳು. ಕುದಿಸಬಾರದು. ಕುದ್ದ ನೀರನ್ನು ಎಲೆಯ ಮೇಲೆ ಸುರಿದು ಮುಚ್ಚಿಡಬೇಕು. ಮುಚ್ಚಳ ತೆಗೆದ ಕೂಡಲೇ ಮೂಸಬೇಕು, ಚಹಾವನ್ನಲ್ಲ, ನೆಂದ ಎಲೆಯನ್ನು. ಆಮೇಲೆ ಸೊರ್ರೆಂದು ಸದ್ದು ಮಾಡಿ ಗುಟುಕರಿಸಿ ಬಾಯಿತುಂಬ ಆಡಿಸಬೇಕು. ಮೊದಲ ದಿನ ನಾನು ಕಣ್ಣು ಮುಚ್ಚಿ ಹೇಳಿದ ಹಣ್ಣುಗಳೆಲ್ಲ ಸರಿಯಾದವು. ಮುದುಕಿ ಚಪ್ಪಾಳೆ ತಟ್ಟಿದಳು. ಅಷ್ಟು ವಯಸ್ಸಿನವರೆಗೆ ನನಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಆ ವಸತಿಗೃಹ ಮುಚ್ಚಿತು, ನಾವು ಗಂಗಾವತಿಗೆ ಬಂದೆವು. ನಾವೇ ಆ ಚಹಾ ಮಾಡಿ ಮಾರೋಣ ಎಂದವಳು ರೇಣುಕಾ. ಕೊಪ್ಪಳದ ಮಾವು, ಕುಷ್ಟಗಿಯ ದಾಳಿಂಬೆ, ಸಂತೆಯಲ್ಲಿ ಸಿಗುವ ಪೇರಲ. ಹಣ್ಣಿಗೆ ನಮ್ಮಲ್ಲೇನು ಬರವೇ? ಅವಳು ತೆಳ್ಳಗೆ ಹೆಚ್ಚಿ ಮಾಳಿಗೆಯ ಮೇಲೆ ಒಣಗಿಸುತ್ತಿದ್ದಳು. ನಾನು ಎಲೆಯೊಂದಿಗೆ ಬೆರೆಸಿ ರುಚಿ ನೋಡುತ್ತಿದ್ದೆ. ನದಿಯಾಚೆ ಈಚೆ ರೂಮು ಬಾಡಿಗೆಗೆ ಕೊಡುವವರು ಒಯ್ಯುತ್ತಿದ್ದರು.

ಅತ್ತೆ ಮಾತ್ರ ಒಪ್ಪಲಿಲ್ಲ. "ಹಾಲಿಲ್ಲದ ಚಾ ಕುಡಿಯಾಕ ನಮಗೇನು ಜ್ವರ ಬಂದೈತೇನ?" ಎಂದು ನಕ್ಕರು. ನಕ್ಕವರೇ ಒಂದು ಪದ್ಧತಿಯನ್ನೂ ಹಾಕಿದರು. ನಮ್ಮಲ್ಲಿ ಹೊಸ ಉಪ್ಪಿನಕಾಯಿಯ ಜಾಡಿ ತೆರೆದರೆ ಮನೆಯ ಹಿರಿಯ ಹೆಂಗಸು ಮೊದಲು ನಾಲಿಗೆಗೆ ಹಚ್ಚಿ ನೋಡಬೇಕು. ಅವಳು ಚೆನ್ನಾಗಿದೆ ಎಂದರೆ ಮುಗಿಯಿತು, ಉಪ್ಪು ಹೆಚ್ಚಾಗಿದ್ದರೂ ಉಳಿದವರು ಬಾಯಿ ಬಿಡುವಂತಿಲ್ಲ. ಬಿಟ್ಟರೆ ಜಾಡಿಗೆ ಬೂಸಲು ಬರುತ್ತದಂತೆ. ಚಹಾಕ್ಕೂ ಅದೇ ಪದ್ಧತಿಯಾಯಿತು. ಅತ್ತೆ ಅದನ್ನು ಬಾಯಿಗೆ ಮುಟ್ಟಿಸುವವರಲ್ಲ; ಅವರ ನಂತರ ಹಿರೇಸೊಸೆ ನಾನು. ಹೊಸದಾಗಿ ಬೆರೆಸಿದ ದಿನ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಬಿಳಿ ಕಪ್ಪುಗಳನ್ನು ಮುಂದಿಡುತ್ತಿದ್ದರು. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಕ್ಕಳಿಲ್ಲದ ಹೆಂಗಸು ತುಂಬಿದ ಮನೆಯಲ್ಲಿ ಹೇಗೆ ಓಡಾಡುತ್ತಾಳೆಂದು ಬಲ್ಲವರೇ ಬಲ್ಲರು. ಆ ಕುರ್ಚಿ ನನಗೆ ಎಷ್ಟು ದೊಡ್ಡದಾಗಿತ್ತೆಂದರೆ — ಹೋಗಲಿ.

ಆಮೇಲೆ ಊರಿಗೆಲ್ಲ ಬಂದ ಜ್ವರ ನಮ್ಮ ಮನೆಗೂ ಬಂತು. ಎಲ್ಲರೂ ಎದ್ದೆವು. ಒಂದು ಬೆಳಿಗ್ಗೆ ಹಾಲು ಉಕ್ಕಿ ಪಾತ್ರೆಯ ತಳ ಕರಕಾಗುತ್ತಿದ್ದರೂ ನಾನು ಪಕ್ಕದಲ್ಲೇ ನಿಂತು ಸೊಪ್ಪು ಸೋಸುತ್ತಿದ್ದೆ. ಅತ್ತೆ ಹೊರಗಿನಿಂದ ಓಡಿ ಬಂದು ಬೈದರು. "ಮೂಗು ಇರೋತನಕ ನೆಗಡಿ ತಪ್ಪಂಗಿಲ್ಲ, ಹೋಗಲಿ ಬಿಡ್ರಿ ಅತ್ತಿ" ಎಂದು ನಗಿಸಿದೆ. ಒಳಗೆ ಬಂದು ಡಬ್ಬಿಗಳನ್ನು ಒಂದೊಂದಾಗಿ ಮೂಸಿದೆ. ಮಾವಿಲ್ಲ, ನಿಂಬೆಯಿಲ್ಲ, ಪೇರಲವೂ ಇಲ್ಲ. ನಾಲಿಗೆಗೆ ಹುಳಿ, ಸಿಹಿ, ಒಗರು ತಿಳಿಯುತ್ತಿದ್ದವು. ಆದರೆ ಹಣ್ಣು ಇರುವುದು ಮೂಗಿನಲ್ಲಿ. ಅದಿಲ್ಲದಿದ್ದರೆ ಎಲ್ಲ ಚಹಾವೂ ಬಣ್ಣದ ಬಿಸಿನೀರು.

ಯಾರಿಗೂ ಹೇಳಲಿಲ್ಲ. ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅಷ್ಟರಲ್ಲಿ ಮತ್ತೆ ಕುರ್ಚಿ ಹಾಕಿದರು, ಕಪ್ಪು ಇಟ್ಟರು. ಆಗ ನಾನೊಂದು ಉಪಾಯ ಕಂಡುಕೊಂಡೆ. ರೇಣುಕಾ ನನ್ನ ಜೊತೆಗೇ ಗುಟುಕರಿಸುತ್ತಿದ್ದಳು, ಮಾತಾಡುತ್ತಿರಲಿಲ್ಲ ಅಷ್ಟೇ. ಅವಳ ಮುಖದಲ್ಲಿ ಏನೂ ನಿಲ್ಲದು. ಚೆನ್ನಾಗಿದ್ದರೆ ಹುಬ್ಬು ಮೇಲೇರುತ್ತಿತ್ತು, ಇಲ್ಲದಿದ್ದರೆ ಕೆಳತುಟಿ ಒಳಗೆ ಹೋಗುತ್ತಿತ್ತು. ನಾನು ಅವಳ ಹುಬ್ಬು ನೋಡಿ "ಛಲೋ ಐತಿ" ಎನ್ನುತ್ತಿದ್ದೆ. ತುಟಿ ನೋಡಿ "ಇನ್ನೂ ಸ್ವಲ್ಪ ಹಣ್ಣು ಬೇಕು" ಎನ್ನುತ್ತಿದ್ದೆ. "ಅಕ್ಕಾರ ನಾಲಿಗಿ ಅಂದ್ರ ನಾಲಿಗಿ!" ಎಂದು ಅವಳೇ ಹೊಗಳುತ್ತಿದ್ದಳು. ಅವಳ ರುಚಿಯನ್ನು ಕದ್ದು ಅವಳಿಗೇ ಮಾರಿದವಳು ನಾನು. ತುಂಬಿದ ಮನೆಯಲ್ಲಿ ಅಷ್ಟು ಒಂಟಿಯಾಗಿ ನಾನು ಎಂದೂ ಇರಲಿಲ್ಲ. ಯಾರೊಬ್ಬರಿಗಾದರೂ ಹೇಳಿದ್ದರೆ... ಹೇಳಲಿಲ್ಲ.

ಹೀಗಿರುವಾಗ ಹಿಟ್ನಾಳದ ಹತ್ತಿರ ಹೆದ್ದಾರಿಯಲ್ಲಿ ಹೋಟೆಲು ನಡೆಸುವವರೊಬ್ಬರು ಮಾವಿನ ಚಹಾ ಕೇಳಿದರು. ಮನೆಗೇ ಬಂದು ಕುಡಿದು ನೋಡುತ್ತೇವೆ, ಹಿಡಿಸಿದರೆ ವರ್ಷವಿಡೀ ಬೇಕು ಎಂದರು. ರೇಣುಕಾ ಕುಣಿದಾಡಿದಳು. ಮಾಳಿಗೆಯ ಮೇಲೆ ಹಳೆಯ ನೂಲಿನ ಸೀರೆ ಹಾಸಿ ಮಾವು ಒಣಗಿಸಿದಳು. ಟ್ರಂಕಿನಿಂದ ತೆಗೆದ ಸೀರೆ. ಅದನ್ನು ಮೊದಲು ಒಗೆದು ಬಿಸಿಲಿಗೆ ಹಾಕಿದ್ದನ್ನು ನಾನೇ ನೋಡಿದ್ದೇನೆ. ಹಣ್ಣು ಒಣಗಿದ ಮೇಲೆ ತಂದೆಗೆ ಆರಾಮಿಲ್ಲವೆಂದು ಕುಷ್ಟಗಿಗೆ, ತವರಿಗೆ ಹೋದಳು.

ನಾನೊಬ್ಬಳೇ ಬೆರೆಸಿದೆ. ದಿನಾ ಚಹಾ ತುಂಬುವ ಡಬ್ಬಿ ಸಾಲಲಿಲ್ಲ. ಅತ್ತೆಯ ಮಂಚದ ಕೆಳಗೆ ದೊಡ್ಡ ತಗಡಿನ ಡಬ್ಬಿಯೊಂದಿತ್ತು, ಅವರ ರೇಷ್ಮೆ ಸೀರೆಗಳನ್ನು ಇಡುತ್ತಿದ್ದದ್ದು. ಸೀರೆ ತೆಗೆದಿಟ್ಟು, ತೊಳೆದು, ಒರೆಸಿ, ಒಳಗೆ ಮುಖ ಹಾಕಿ ಮೂಸಿದೆ. ಮೂಗಿದ್ದಾಗಿನ ಅಭ್ಯಾಸ, ಇನ್ನೂ ಹೋಗಿರಲಿಲ್ಲ. ಏನೂ ಬರಲಿಲ್ಲ. ನನಗೆ ಏನೂ ಬರುವುದಿಲ್ಲ ಎಂಬುದನ್ನು ಆ ಗಳಿಗೆ ಮರೆತೆನೋ, ಮರೆತಂತೆ ಮಾಡಿದೆನೋ — ಇಂದಿಗೂ ಹೇಳಲಾರೆ. ಬೆರೆಸಿದ ಚಹಾವನ್ನು ಅದಕ್ಕೇ ತುಂಬಿ, ಮುಚ್ಚಿ, ಮತ್ತೆ ಮಂಚದ ಕೆಳಗೆ ತಳ್ಳಿದೆ. ಚಹಾದ ಎಲೆ ಪಕ್ಕದಲ್ಲಿರುವ ಯಾವ ವಾಸನೆಯನ್ನಾದರೂ ಎಳೆದುಕೊಳ್ಳುತ್ತದೆ. ಇದನ್ನು ರೇಣುಕಾಳಿಗೆ ಕಲಿಸಿದವಳೇ ನಾನು.

ಹೋಟೆಲಿನವರು ಬರುವ ಬೆಳಿಗ್ಗೆಯೇ ರೇಣುಕಾ ಬಸ್ಸಿಳಿದು ಬಂದಳು. ಚೀಲ ಕೆಳಗಿಟ್ಟವಳೇ, ಹೋಟೆಲಿನವರಿಗೆಂದು ನಾನು ಅದರಿಂದ ತೆಗೆದು ದಿನದ ಡಬ್ಬಿಗೆ ಹಾಕಿಟ್ಟಿದ್ದ ಚಹಾದ ಮುಚ್ಚಳ ತೆಗೆದಳು. ಕೆಳತುಟಿ ಒಳಗೆ ಹೋಯಿತು.

"ಅಕ್ಕಾ, ಡಾಂಬರ ಗುಳಿಗಿ ವಾಸನಿ ಬರಾಕತ್ತೈತಿ ನೋಡ್ರಿ."

ಅತ್ತೆ ರೇಷ್ಮೆ ಸೀರೆಗಳ ನಡುವೆ ನುಸಿ ಬಾರದಂತೆ ಇಡುತ್ತಿದ್ದ ಬಿಳಿ ಗುಳಿಗೆಗಳು ಆ ಕ್ಷಣವೇ ನೆನಪಾದವು. ಇನ್ನೂ ಹೊತ್ತಿತ್ತು. ಹೌದು ಎಂದಿದ್ದರೆ ಹೋಟೆಲಿನವರಿಗೆ ಫೋನು ಮಾಡಿ ವಾರ ಬಿಟ್ಟು ಬನ್ನಿ ಎನ್ನಬಹುದಿತ್ತು. ಆದರೆ ಹಾಗಂದರೆ, ಬೆರೆಸುವಾಗ ನಿಮಗೆ ತಿಳಿಯಲಿಲ್ಲವೇ ಎಂಬ ಮಾತು ಬರುತ್ತಿತ್ತು.

"ಬಸ್ಸಿನಾಗ ಬಂದೀಯಲ್ಲ, ಹೊಗಿ ಕುಂತೈತಿ ನಿನ್ನ ಮೂಗಿನಾಗ. ನಾ ನೋಡೀನಿ. ಛಲೋ ಐತಿ" ಎಂದೆ.

ಹಿರಿಯಳ ಮಾತು. ಅವಳು ಮುಚ್ಚಳ ಮುಚ್ಚಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೋಟೆಲಿನವರು ಒಂದು ಗುಟುಕು ಕುಡಿದರು. ಎರಡನೆಯದನ್ನು ಕುಡಿಯಲಿಲ್ಲ, ಎದ್ದು ಹೋಗಿ ಅಂಗಳದಲ್ಲಿ ಉಗುಳಿದರು. "ಇದೇನ್ರಿ ತಾಯಿ, ಸೀರಿ ಇಟ್ಟ ಪೆಟ್ಟಿಗಿ ಬಾಯಾಗ ಹಾಕ್ಕೊಂಡಂಗಾತು" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವರು ಇನ್ನೂ ಯಾರನ್ನೂ ಕೇಳಿರಲಿಲ್ಲ, ಅಷ್ಟರಲ್ಲೇ ನಾನು ಬಾಯಿ ತೆರೆದೆ.

"ಹಣ್ಣು ಒಣಗಿಸಿದ್ದು ಟ್ರಂಕಿನಾಗಿನ ಸೀರಿ ಮ್ಯಾಲೆ ರೀ. ಅಕಿನ್ನ ಕೇಳ್ರಿ."

ಇಷ್ಟೇ ಮಾತು. ಮೈದುನ ಹೆಂಡತಿಯ ಕಡೆ ತಿರುಗಿದ. ಅತ್ತೆ ಹಣೆ ಬಡಿದುಕೊಂಡರು. ರೇಣುಕಾ ನನ್ನನ್ನು ನೋಡಿದಳು. ಜಗಳವಾಡುತ್ತಾಳೆ ಎಂದುಕೊಂಡಿದ್ದೆ, ಆಡಿದ್ದರೆ ಒಳ್ಳೆಯದಿತ್ತು. ಅವಳು "ಒಗದಿದ್ನಲ್ಲ... ಸರಿ ಒಗದಿಲ್ಲೇನೋ" ಎಂದಳು. ನನ್ನನ್ನು ನಂಬಿಬಿಟ್ಟಳು.

ಅಂದಿನಿಂದ ಅವಳು ಒಗೆದ ಅರಿವೆಯನ್ನೇ ಮತ್ತೆ ಒಗೆಯುತ್ತಿದ್ದಳು. ಸಾರು ಕುದಿಯುವಾಗ ಮಗಳನ್ನು ಕರೆದು "ವಾಸನಿ ಸರಿ ಐತೇನವ್ವಾ?" ಎಂದು ಕೇಳುತ್ತಿದ್ದಳು. ನಾನು ನೋಡುತ್ತಿದ್ದೆ. ಹಣ್ಣು ಒಣಗಿಸಲು ಹೇಳಿದರೆ ಒಲ್ಲೆ ಎಂದಳು. ಮೈದುನನಿಗೆ ಅವಮಾನವಾಗಿತ್ತು, ಅದೂ ಇದೂ ನೆವ ಸೇರಿ ಒಲೆ ಬೇರೆಯಾಯಿತು. ಅವರು ಸಿದ್ದಾಪುರಕ್ಕೆ ಹೋದರು, ಗದ್ದೆ ಕೆಲಸವಿರುವ ಕಡೆ. ಅತ್ತೆ ತೀರಿಕೊಂಡರು. ಗಂಡ ಪಾಳಿಯ ಮೇಲೆ ಗಿರಣಿಗೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ಕುರ್ಚಿ ಇದೆ. ಅದರ ಮೇಲೆ ಒಣಗಿದ ಬಟ್ಟೆ ಹಾಕುತ್ತೇನೆ. ಮಧ್ಯಾಹ್ನ ಒಂದು ಕಪ್ಪಿಗೆ ಬಿಸಿನೀರು ಸುರಿದುಕೊಂಡು ಕೂತರೆ ಇದು ಯಾವ ಹಣ್ಣೆಂದು ಹೇಳುವವರಿಲ್ಲ, ನೋಡಲು ಯಾರ ಮುಖವೂ ಇಲ್ಲ.

ಈ ಬೇಸಿಗೆಯಲ್ಲಿ ರೇಣುಕಾ ಫೋನು ಮಾಡಿದಳು. "ಮತ್ತ ಮಾವಿನ ಚಾ ಮಾಡೀನಿ ಅಕ್ಕಾ. ಸೀರಿ ಮ್ಯಾಲೆ ಒಣಗಿಸಿಲ್ರಿ, ಹೊಸಾ ತಂತಿ ಜಾಳಗಿ ತಂದೀನಿ. ನೀವು ಬಂದು ರುಚಿ ನೋಡ್ರಿ. ನೀವು ಹೂಂ ಅಂದ್ರ ಮಾರಾಕ ಶುರು ಮಾಡ್ತೀನಿ, ಇಲ್ಲಂದ್ರ ಬಿಟ್ಟಬಿಡ್ತೀನಿ" ಎಂದಳು. ಬರ್ತೀನಿ ಎಂದೆ. ಇಷ್ಟಾದರೂ ಅವಳು ನನ್ನ ನಾಲಿಗೆಯನ್ನೇ ಕಾಯುತ್ತಿದ್ದಳು.

ಸಿದ್ದಾಪುರದ ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಚಾಪೆ ಹಾಸಿದಳು, ನೀರು ಕೊಟ್ಟಳು, ಎರಡು ಕಪ್ಪು ಇಟ್ಟಳು. ಅವಳು ಗುಟುಕರಿಸಿದಳು. ಹುಬ್ಬು ಮೇಲೇರಿತೋ ತುಟಿ ಒಳಗೆ ಹೋಯಿತೋ ನಾನು ನೋಡಲಿಲ್ಲ, ಕಪ್ಪಿನೊಳಗೇ ನೋಡುತ್ತಿದ್ದೆ. ನೋಡಿದ್ದರೆ ಮತ್ತೆ ಸುಳ್ಳು ಹೇಳಿಬಿಡುತ್ತಿದ್ದೆ.

"ನನಗ ಗೊತ್ತಾಗಂಗಿಲ್ಲ ರೇಣುಕಾ. ಜ್ವರ ಬಂದಾಗಿಂದ ನನಗ ಏನೂ ವಾಸನಿ ಬರಂಗಿಲ್ಲ. ಅವತ್ತು ವಾಸನಿ ಹಿಡದಿದ್ದು ನಿನ್ನ ಸೀರಿಯಿಂದಲ್ಲ. ಅತ್ತಿ ಡಬ್ಬ್ಯಾಗ ನಾನ ಹಾಕಿಟ್ಟಿದ್ದೆ. ನೀ ಹೇಳಿದಾಗನ ನನಗ ಗೊತ್ತಾಗಿತ್ತು."

ಅವಳು ಅಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದಳು. "ಹಂಗಾದ್ರ ಅವತ್ತು ನನ್ನ ಮೂಗು ಸರಿ ಇತ್ತೇನ್ರಿ?"

ಇತ್ತು ಎಂದೆ.

ತನ್ನ ಕಪ್ಪನ್ನು ಮತ್ತೆ ಎತ್ತಿಕೊಂಡಳು. ನನ್ನ ಕಡೆ ನೋಡದೆ, ನಿಧಾನವಾಗಿ, ಬಾಯಿತುಂಬ ಆಡಿಸಿ ಕುಡಿದಳು. "ಹುಳಿ ಮುಂದ ಆಗೈತಿ. ಪೇರಲ ಹಾಕಬೇಕು" ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ನನ್ನ ಮುಂದಿದ್ದ ತುಂಬಿದ ಕಪ್ಪನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದು ಬಂದಳು.

"ಬಸ್ಸಿನ ಹೊತ್ತಾತ್ರಿ" ಎಂದಳು.

ಮನೆಗೆ ಬಂದ ಮುತ್ತೈದೆಯನ್ನು ಕುಂಕುಮ ಕೊಡದೆ ಕಳಿಸುವವಳಲ್ಲ ರೇಣುಕಾ. ಒಲೆ ಬೇರೆಯಾದ ದಿನ ಕೂಡ ಅತ್ತೆಯ ಕಾಲಿಗೆ ಬೀಳುವ ಮೊದಲು ನನ್ನ ಹಣೆಗೆ ಹಚ್ಚಿ ಹೋಗಿದ್ದಳು. ಅಂದು ಕೊಡಲಿಲ್ಲ. ನಾನು ಹೊಸ್ತಿಲಲ್ಲಿ ಸ್ವಲ್ಪ ನಿಂತೆ, ಕೇಳಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಬಂದೆ.